ನಡುವೆ ನಿಂತ ಜೋಡಿ

ಕರಿಹಲಗೆಯ ಮೇಲೆ ಎರಡು ಚುಕ್ಕೆ ಒತ್ತೊತ್ತಾಗಿ ಇಡುವಾಗ ಸೀಮೆಸುಣ್ಣ ಟಕ್ ಟಕ್ ಎನ್ನುತ್ತದಲ್ಲ, ಆ ಸದ್ದಿಗೆ ನನಗೆ ಇಂದಿಗೂ ಕಮಲಾಪುರದ ನಮ್ಮ ಮನೆಯ ಮುಂದಿನ ಎತ್ತುಗಳ ಗೊರಸು ನೆನಪಾಗುತ್ತದೆ. ಕಲಬುರಗಿಯ ಶಾಲೆಯಲ್ಲಿ ವರ್ಷಗಟ್ಟಲೆ ಹುಡುಗಿಯರಿಗೆ ರಸಾಯನಶಾಸ್ತ್ರ ಕಲಿಸಿದೆ. ಎರಡು ಹೈಡ್ರೋಜನ್ ಪರಮಾಣು, ಒಂದೊಂದರ ಬಳಿ ಒಂದೇ ಎಲೆಕ್ಟ್ರಾನು, ಅದಕ್ಕೊಂದು ಚುಕ್ಕೆ. ನೆಮ್ಮದಿಗೆ ಎರಡು ಬೇಕು. ಯಾವುದೂ ತನ್ನದನ್ನು ಬಿಟ್ಟುಕೊಡುವುದಿಲ್ಲ. ಎರಡನ್ನೂ ನಡುವೆ ಇಟ್ಟುಕೊಂಡು ಈಚೆಯದೂ ತನಗೆ ಎರಡು ಎನ್ನುತ್ತದೆ, ಆಚೆಯದೂ ತನಗೆ ಎರಡು ಎನ್ನುತ್ತದೆ. ಅದೇ ಸಹವೇಲೆನ್ಸೀಯ ಬಂಧ. ಹುಡುಗಿಯರು ಬಾಯಿಪಾಠ ಮಾಡುತ್ತಿದ್ದರು. ನಾನು ಕಣ್ಣಾರೆ ಕಂಡವಳು.

ಆಗ ನಿಜಾಮರ ಕಾಲ. ಅಪ್ಪನಿಗೆ ಇದ್ದದ್ದು ಒಂದೇ ಎತ್ತು, ಕೆಂಪ. ಪಕ್ಕದ ಮನೆಯ ಮೆಹಬೂಬ ಕಾಕಾನಿಗೂ ಒಂದೇ, ಬೂದ. ಒಂಟಿ ಎತ್ತಿನಿಂದ ಗಳೆ ಹೊಡೆಯಲಾದೀತೇ? ಎರಡನ್ನೂ ಒಂದೇ ನೊಗಕ್ಕೆ ಹೂಡಿ ಇವತ್ತು ನಮ್ಮ ಹೊಲ, ನಾಳೆ ಅವರದು. ಎರಡು ಮನೆಯ ನಡುವಿನ ಬೇವಿನ ಕೆಳಗೆ ಅವು ಮೈಗೆ ಮೈ ತಾಗಿಸಿ ಮೆಲುಕು ಹಾಕುತ್ತಿದ್ದವು. ಅವ್ವ ಎರಡಕ್ಕೂ ಹಿಂಡಿ ಇಡುತ್ತಿದ್ದಳು, ಕಾಕಾನ ಹೆಂಡತಿ ಎರಡರ ಮೈಯನ್ನೂ ತೊಳೆಯುತ್ತಿದ್ದಳು. ಎರಡೂ ಮನೆಯವರು "ನಮ್ಮ ಜೋಡಿ" ಎಂದೇ ಅನ್ನುತ್ತಿದ್ದರು.

ಭಾರತದ ಸೇನೆ ಬಂದು ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯ ಹೊತ್ತಿಗೆ ಊರೂರಲ್ಲಿ ಮುಸಲ್ಮಾನರ ಮೇಲಿನ ಸೇಡಿನ ಸುದ್ದಿ. ಕಾಕಾ ಹೆದರಿ ಹೆಂಡತಿ ಮಕ್ಕಳೊಂದಿಗೆ ಕಲಬುರಗಿಯ ಬೀಗರ ಮನೆಗೆ ಹೊರಟರು. ಬೂದನ ಹಗ್ಗ ಅಪ್ಪನ ಕೈಗಿತ್ತು, "ನಾ ಬರೂ ತನಕ ಜೋಡಿ ಅಗಲಸಬ್ಯಾಡಣ್ಣಾ" ಎಂದರು. ಎಲ್ಲ ತಣ್ಣಗಾದ ಮೇಲೆ ಮರಳಿ ಬಂದರು. ಅಪ್ಪ ಒಳಗೆ ಬಾ ಎನ್ನಲಿಲ್ಲ. "ಯಾವ ಎತ್ತಪಾ? ಎರಡೂ ನಮ್ಮವೇ ಅವ." ಕಾಕಾನ ದನಿ ಕೇಳಿ ಬೂದ ಹಗ್ಗ ಜಗ್ಗಿ ಒದರಿತು. ಅಪ್ಪ ಬಾರುಕೋಲಿನಿಂದ ಅದರ ಮೋರೆಗೇ ಬಾರಿಸಿದ. "ಹೊಡೀಬ್ಯಾಡಣ್ಣಾ, ಪಾಪ, ಅದಕ್ಕೇನ ತಿಳೀತದ. ಇಟ್ಕೋ" ಎಂದು ಕಾಕಾ ಹೊರಟುಹೋದರು. ಥೂ, ಅಷ್ಟು ದೊಡ್ಡ ಓಣಿಯಲ್ಲಿ ಒಬ್ಬನಾದರೂ ತುಟಿ ಬಿಚ್ಚಬಾರದಿತ್ತೇ! ಮುಂದೆ ಓದಲು ಕಲಬುರಗಿಗೆ ಬಂದಾಗ ಸ್ಟೇಶನ್ ಬಜಾರದಲ್ಲಿ ಅವರನ್ನು ಕಂಡೆ. ಇಬ್ಬರು ಎಳೆಯುವ ಕೈಗಾಡಿಯನ್ನು ಒಬ್ಬರೇ ಎಳೆಯುತ್ತಿದ್ದರು.

ಈಗ ಆ ಬೇವಿಲ್ಲ, ಆ ಎರಡು ಮನೆಗಳೂ ಇಲ್ಲ. ನಿಮ್ಮೂರಲ್ಲೂ ಇಂಥದೊಂದು ಬೇವು ಇದ್ದೀತು, ಕಡಿದವರ ಹೆಸರು ನಿಮಗೂ ಗೊತ್ತಿದ್ದೀತು. ನಾನು ನಿವೃತ್ತಳಾಗುವ ವರ್ಷ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಬಂಧ ಹರಿದ್ರ ಆ ಎರಡೂ ಯಾರಿಗ್ರೀ, ಟೀಚರ್?" ಪುಸ್ತಕದಲ್ಲಿದ್ದದ್ದನ್ನೇ ಹೇಳಿದೆ: ಒಮ್ಮೊಮ್ಮೆ ತಲಾ ಒಂದು ಒಯ್ಯುತ್ತವೆ, ಒಮ್ಮೊಮ್ಮೆ ಒಂದೇ ಎರಡನ್ನೂ ಎಳೆದುಕೊಳ್ಳುತ್ತದೆ.

"ಹಂಗ ಎಳಕೊಂಡಿದ್ದಕ್ಕ ಏನಂತಾರ್ರೀ?"

ಬಾಯಿಗೆ ಬಂದದ್ದು ನಮ್ಮಪ್ಪನ ಹೆಸರು.