ಚಿಮಣಿ ಎಣ್ಣೆಯ ಮೋಟಾರು ಮತ್ತು ಬಿಸಿ ಮರಳಿನ ಗಂಟು

ಅದು 1943ರ ಚಳಿಗಾಲ. ಮಹಾಯುದ್ಧ ನಡೆದಿತ್ತು. ಪೆಟ್ರೋಲು ಕೂಪನ್ನಿಗೆ ಸಿಗುತ್ತಿತ್ತು, ಅದೂ ಕೈಕಾಲು ಹಿಡಿದರೆ. ನಾನು ಅದೇ ವರ್ಷ ಬಿ.ಎ. ಪಾಸಾಗಿದ್ದೆ. ತುಕ್ಕಾನಟ್ಟಿಯ ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಸಹಿ ಮಾಡಲು ಬರುವವರು ಒಬ್ಬರೂ ಇರಲಿಲ್ಲ. ಅಪ್ಪ ಕುರಿ ಕಾಯುತ್ತಿದ್ದ.

ನಾನು ಹುಡುಗನಾಗಿದ್ದಾಗ ಹುಕ್ಕೇರಿಯ ವಕೀಲರೊಬ್ಬರು ಎರಡೇ ಸೀಟಿನ ಕೆಂಪು ಓಟದ ಮೋಟಾರಿನಲ್ಲಿ ನಮ್ಮೂರ ಮೇಲೆ ಹಾಯುತ್ತಿದ್ದರು. ಹಾರ್ನ್ ಕೇಳಿದ ಕೂಡಲೇ ಅಪ್ಪ ಕುರಿಗಳನ್ನು ಬೇಲಿಗೆ ಒತ್ತಿ ತಲೆ ತಗ್ಗಿಸಿ ನಿಲ್ಲುತ್ತಿದ್ದ. ಆ ಮೋಟಾರು ಕೆಟ್ಟು, ಮೂಡಲಗಿಯಲ್ಲಿದ್ದ ವಕೀಲರ ಮೇವಿನ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಬಿದ್ದಿತ್ತು. ಅದನ್ನು ಗುಜರಿಗೆ ಹಾಕುತ್ತಾರೆಂದು ತಿಳಿದಾಗ ನನಗೆ ನಿದ್ದೆ ಬರದಾಯಿತು. ಹೋಗಿ ಕೇಳಿಯೇಬಿಟ್ಟೆ.

ವಕೀಲರು ನಕ್ಕರು. “ಎಳ್ಳಮಾಸಿ ಮರುದಿನ ಹನ್ನೆರಡಕ್ಕ ಗುಜರಿಯಾಂವ ನನ್ನ ಮನಿಗಿ ಬರ್ತಾನ. ಅದರೊಳಗ ಅದು ತನ್ನ ದಮ್ಮಿನ ಮ್ಯಾಲೆ ಹುಕ್ಕೇರಿಗಿ ಬಂತಂದ್ರ ನಿಂದು. ಎತ್ತು ಹೂಡಿ ಎಳಕೊಂಡು ತಂದ್ರ ಅವಂದು.”

ನನ್ನ ಕೈಯಲ್ಲಿ ಎರಡು ತಿಂಗಳಿತ್ತು, ಕಾಸು ಇರಲಿಲ್ಲ. ಗೋಕಾಕದಲ್ಲಿ ಹಿಟ್ಟಿನ ಗಿರಣಿಯ ಇಂಜಿನು ನೋಡಿಕೊಳ್ಳುತ್ತಿದ್ದ ಹುಸೇನ ಮಿಸ್ತ್ರಿ ರವಿವಾರಕ್ಕೊಮ್ಮೆ ಆ ಕೊಟ್ಟಿಗೆಗೆ ಬಂದು ನನ್ನ ಕೆಲಸಕ್ಕೆ ಕೈಗೂಡಿಸುತ್ತಿದ್ದ. ಬಾವಿಯಿಂದ ನೀರೆತ್ತುವ ಹಳೆಯ ತೊಗಲಿನ ಬಾನಿಯಿಂದ ವಾಷರು ಕತ್ತರಿಸಿದೆವು. ಹರಿದ ಸೀಟಿಗೆ ಅಪ್ಪನ ಕಂಬಳಿ ಹೊಲಿದೆ. ಉಳಿದದ್ದು ಎಣ್ಣೆಯ ಪ್ರಶ್ನೆ.

“ಬಸ್ಸಿಗಿ ಹಾಕ್ತಾರಲ್ಲ, ಇದ್ದಲಿ ಗ್ಯಾಸು?” ಎಂದೆ.

“ಅದರ ಮಣಭಾರದ ಡಬ್ಬಿ ಹಿಂದ ಕಟ್ಟಿದ್ರ ಈ ಗಾಡಿ ಮೂತಿ ಎತ್ತಿ ಆಕಾಶ ನೋಡ್ತೈತಿ,” ಎಂದ ಮಿಸ್ತ್ರಿ. “ಪೆಟ್ರೋಲು ಎರಡ ಬಾಟ್ಲಿ ಐತಿ. ಅದು ಇದನ್ನ ಎಬ್ಬಸಾಕ ಮತ್ತ ಮಲಗಸಾಕ. ಓಡಾಕ ಚಿಮಣಿ ಎಣ್ಣಿ.”

ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಇಂಜಿನು ಕಾದಾಗ ಮಾತ್ರ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಎರಡು ಡಬ್ಬಿ, ಎರಡು ನಳ. ಪೆಟ್ರೋಲಿನಿಂದ ಶುರು ಮಾಡಬೇಕು, ಕಾದ ಮೇಲೆ ಎಣ್ಣೆಗೆ ತಿರುಗಿಸಬೇಕು. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲು, ಇಲ್ಲದಿದ್ದರೆ ತಣ್ಣಗಾದ ಇಂಜಿನು ಏಳುವುದಿಲ್ಲ.

“ತಿಳೀತೇನ್ರಿ ಬಿ.ಎ. ಸಾಹೇಬ್ರ?”

“ತಿಳೀಲಾರದ್ದು ಏನೈತಿ ಅದರಾಗ?” ಎಂದೆ.

ಎಳ್ಳಮಾವಾಸ್ಯೆಯ ಮರುದಿನ ಬೆಳಿಗ್ಗೆ ಮೂಡಲಗಿಯಿಂದ ಒಬ್ಬನೇ ಹೊರಟೆ. ಮೋಟಾರು ಚೆನ್ನಾಗಿಯೇ ಓಡಿತು. ಆದರೆ ಹಿಂದೆ ಕರಿ ಹೊಗೆ, ಕಂದೀಲಿನ ನಾತ. ತುಕ್ಕಾನಟ್ಟಿ ಹತ್ತಿರವಾದಂತೆ ನನಗೆ ತಡೆಯಲಾಗಲಿಲ್ಲ. ನಮ್ಮೂರವರ ಮುಂದೆ ಹೀಗೆ ಹೊಗೆ ಕಾರುತ್ತ ಹೋಗುವುದೇ? ಪೆಟ್ರೋಲಿಗೆ ತಿರುಗಿಸಿ ಚಾವಡಿಯ ಮುಂದೆ ಎರಡು ಸುತ್ತು ಹಾಕಿದೆ. ಅರಭಾವಿಯಲ್ಲೂ ಹಾಗೇ ಮಾಡಿದೆ. ಡಬ್ಬಿಯಲ್ಲಿ ಎಷ್ಟು ಉಳಿದಿದೆ ಎಂದು ನೋಡಲಿಲ್ಲ.

ಹುಕ್ಕೇರಿ ಇನ್ನೂ ಅರ್ಧ ದಾರಿ ಇರುವಾಗ ಕುರಿ ಹಿಂಡು ಅಡ್ಡ ಬಂತು. ಹಾರ್ನ್ ಹೊಡೆದೆ. ಬೇರೆ ಕುರಿಗಳು ಸರಿದವು. ಒಂದು ಕುರಿ ಮಾತ್ರ ದಾರಿಯ ನಡುವೆ ಮಲಗಿತ್ತು. ಅದರ ಪಕ್ಕ ಮುದುಕ ಕುರಿಗಾರನೊಬ್ಬ ಕುಕ್ಕರುಗಾಲಲ್ಲಿ ಕುಳಿತಿದ್ದ.

“ಸರಸ್ರಿ ಅದನ್ನ, ನನಗ ಹೊತ್ತಾಗತೈತಿ.”

“ಈಯಾಕತ್ತೈತ್ರಿ ಸಾಹೇಬ್ರ. ಅದಕ್ಕ ನಿಮ್ಮ ಗಡಿಯಾರ ತಿಳಿಯೂದಿಲ್ಲ.”

“ಬಿ.ಎ. ಆದಾಂವ ಅದೇನಿ ನಾ. ಹಿಂಗ ದಾರ್ಯಾಗ ನಿಂದ್ರಸ್ತೀರೇನು?”

“ಬಿ.ಎ. ಅಂದ್ರ ಫೌಜದಾರಕಿನ್ನ ದೊಡ್ಡದೇನ್ರಿ?” ಎಂದ ಮುದುಕ, ತಲೆ ಎತ್ತದೆಯೇ.

ಅಷ್ಟರಲ್ಲಿ, ನಿಂತಲ್ಲೇ ಆರತೊಡಗಿದ್ದ ಇಂಜಿನು ಕೆಮ್ಮಿತು. ಪೆಟ್ರೋಲಿನ ನಳ ತಿರುಗಿಸಿದೆ, ಹನಿ ಇಲ್ಲ. ಇಂಜಿನು ನಿಂತೇ ಹೋಯಿತು. ಇಳಿದು ಹ್ಯಾಂಡಲ್ ತಿರುವಿದೆ, ತಿರುವಿದೆ, ಅಂಗೈ ಸುಲಿಯಿತು. ಗಾಳಿ ಕೊರೆಯುತ್ತಿತ್ತು, ಇಂಜಿನು ಮುಟ್ಟಿದರೆ ತಣ್ಣಗಿತ್ತು. ಹತ್ತೂವರೆ ಆಗಿತ್ತು. ಗುಜರಿಯವನ ಎತ್ತಿನ ಗಾಡಿ ನನ್ನ ಕಣ್ಣ ಮುಂದೆಯೇ ಬಂದು ನಿಂತ ಹಾಗಾಯಿತು. ಸುಮ್ಮನೆ ಮೋಟಾರಿನ ಸುತ್ತ ತಿರುಗತೊಡಗಿದೆ.

“ತಿರಗೂದಾದ್ರ ಇದನ್ನರೆ ಹಿಡಕೊಂಡು ತಿರಗ್ರಿ,” ಎಂದು ಮುದುಕ ಆಗಷ್ಟೇ ಹುಟ್ಟಿದ ಮರಿಯನ್ನು ನನ್ನ ಕೈಗಿತ್ತ. ಅವನಿಗೆ ತಾಯಿಯನ್ನು ನೋಡಬೇಕಿತ್ತು. ನಾನು ಬೆರಳು ಹಾಕಿ ಮರಿಯ ಬಾಯಿಯ ಲೋಳೆ ತೆಗೆದೆ, ಮೂಗಿಗೆ ಊದಿದೆ, ಕೋಟಿನ ಗುಂಡಿ ಬಿಚ್ಚಿ ಹೊಟ್ಟೆಗೆ ಒತ್ತಿಕೊಂಡೆ. ಅದು ಗಡಗಡ ನಡುಗುತ್ತಿತ್ತು.

ಮುದುಕ ನನ್ನ ಪಳಗಿದ ಕೈಗಳನ್ನೇ ನೋಡುತ್ತಿದ್ದ.

“ಯಾರ ಮಗ ನೀ?”

ಸಾಹೇಬ್ರ ಎಂಬುದು ಹೋಗಿತ್ತು. “ತುಕ್ಕಾನಟ್ಟಿ ಲಕ್ಕಪ್ಪನ ಮಗ,” ಎಂದೆ, ಸಣ್ಣ ದನಿಯಲ್ಲಿ.

“ಮೊದಲ ಹೇಳಬಾರದೇನೋ? ಏನಾಗೈತಿ ನಿನ್ನ ಗಾಡಿಗಿ?”

“ಥಂಡಿ ಹತ್ತೈತಿ. ಕಾಯ್ದ್ರ ಏಳತೈತಿ.”

“ಥಂಡಿ ಹತ್ತಿದ್ದಕ್ಕ ಔಷಧ ನಮ್ಮ ಹತ್ರ ಇಲ್ಲದ ಮತ್ತ್ಯಾರ ಹತ್ರ ಐತಿ?”

ಚಳಿಯಲ್ಲಿ ಹುಟ್ಟಿದ ಮರಿಗೆ ನಮ್ಮವರು ಮರಳು ಕಾಯಿಸಿ ಬಟ್ಟೆಯಲ್ಲಿ ಕಟ್ಟಿ ಶಾಖ ಕೊಡುತ್ತಾರೆ. ಹಿಂಡಿನ ಹಿಂದೆ ಬರುತ್ತಿದ್ದ ಮುದುಕನ ಮಗ, ಅಳಿಯ ದೂರದಲ್ಲಿ ಬೆಂಕಿ ಹಾಕಿ ಮರಳು ಕಾಯಿಸಿದರು. ಎಣ್ಣೆ ಹೋಗುವ ಕೊಳವೆಯ ಸುತ್ತ ಆ ಗಂಟುಗಳನ್ನಿಟ್ಟು ಮೇಲೆ ಕಂಬಳಿ ಹೊದಿಸಿದೆವು. ಆರಿದ ಗಂಟು ತೆಗೆದು ಮತ್ತೆ ಬಿಸಿ ಗಂಟು. ಮೂರನೆಯ ಸಲ ಮುಗಿದ ಮೇಲೆ ನಾನು ಹತ್ತಿ ಕುಳಿತೆ, ಎಲ್ಲರೂ ಸೇರಿ ಇಳಿಜಾರಿಗೆ ನೂಕಿದರು. ಇಂಜಿನು ಒಮ್ಮೆ ಸೀನಿತು, ಆಮೇಲೆ ಹಿಡಿಯಿತು. ಮುದುಕ ಓಡುತ್ತಲೇ ನನ್ನ ಕೋಟಿನೊಳಗೇ ಉಳಿದಿದ್ದ ಮರಿಯನ್ನು ಎಳೆದುಕೊಂಡ. ಅವನ ಹೆಸರು ಕೇಳಲೂ ಆಗಲಿಲ್ಲ.

ವಕೀಲರ ಅಂಗಳ ಮುಟ್ಟಿದಾಗ ಹನ್ನೆರಡಕ್ಕೆ ಹತ್ತು ನಿಮಿಷವಿತ್ತು. ಗುಜರಿಯವನ ಗಾಡಿ ಬಂದು ನಿಂತಿತ್ತು. ನಾನು ಮೋಟಾರು ನಿಲ್ಲಿಸದೆ ಅಂಗಳದ ಬೇವಿನ ಮರದ ಸುತ್ತ ತಿರುಗುತ್ತಲೇ ಇದ್ದೆ.

“ಇಳಿ ಕೆಳಗ,” ಎಂದರು ವಕೀಲರು.

“ನಿಂದ್ರಿಸಿದ್ರ ಮತ್ತ ಏಳೂದಿಲ್ರಿ ಇದು.”

ಅವರು ಮೂಗಿಗೆ ಧೋತರದ ಚುಂಗು ಹಿಡಿದರು. “ಇದೇನೋ, ಎಣ್ಣಿ ನಾತೋ ಕುರಿ ನಾತೋ?”

“ಎರಡೂ ನಂದ್ರಿ.”

ವಕೀಲರು ಗುಜರಿಯವನಿಗೆ ಹೋಗೆಂದು ಕೈ ಬೀಸಿ ನನ್ನತ್ತ ತಿರುಗಿದರು. “ಹಂಗಾರ ಹಂಗ ಮನಿಗಿ ಒಯ್ಯಿ,” ಎಂದರು.

ಆ ಮೋಟಾರು ಈಗಿಲ್ಲ. ಬಿ.ಎ. ಕಷ್ಟಪಟ್ಟು ಗಳಿಸಿದ್ದು, ಅದರ ಹೆಮ್ಮೆ ಇಂದಿಗೂ ಇದೆ. ಆದರೆ ಹೊಸಬರ ಮುಂದೆ ಆ ಎರಡಕ್ಷರ ನಾಲಿಗೆಗೆ ಮೊದಲು ಬಂದಾಗಲೆಲ್ಲ, ಕೋಟಿನೊಳಗೆ ಒದ್ದೆ ಮರಿಯೊಂದು ನಡುಗಿದ ಹಾಗಾಗುತ್ತದೆ. ಆಗ ಅಪ್ಪನ ಹೆಸರನ್ನೇ ಮೊದಲು ಹೇಳುತ್ತೇನೆ.