ಕೆಡದ ಟಿ.ವಿ.

ನನ್ನ ಗಂಡ ಅಣ್ಣಪ್ಪ ದಾವಣಗೆರೆಯವರು. ವಿಶಾಖಪಟ್ಟಣದಲ್ಲಿ ಕಾಮೇಶ್ವರ ಎಂಬವನ ಟಿ.ವಿ. ಅಂಗಡಿಯಲ್ಲಿ ಒಂಬತ್ತು ವರ್ಷ ಮೆಕ್ಯಾನಿಕ್ ಆಗಿದ್ದರು. ಒಳ್ಳೆಯ ರಿಪೇರಿ ಮಾಡಿದ್ದಕ್ಕೆ ಅವರ ಕೆಲಸ ಹೋಯಿತು. ನೆನೆದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ.

ಅದು ಸಮುದ್ರದ ಊರು. ಉಪ್ಪುಗಾಳಿಗೆ ಎರಡೇ ವರ್ಷದಲ್ಲಿ ಸೆಟ್ಟಿನೊಳಗೆಲ್ಲ ಹಸಿರು ಕಿಲುಬು. ಇವರು ರಿಪೇರಿಗೆ ಬಂದ ಪ್ರತಿ ಸೆಟ್ಟನ್ನೂ ಬಿಚ್ಚಿ, ಬ್ರಷ್ಷಿನಿಂದ ಉಜ್ಜಿ, ಒಣಗಿಸಿ, ಒಳಗೆ ತೆಳ್ಳಗೆ ವಾರ್ನಿಷ್ ಬಳಿಯುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ನಾಲ್ಕಾರು ಹಳೇ ಸೆಟ್ಟು ಸುಟ್ಟು ತಾವೇ ಕಂಡುಕೊಂಡದ್ದು. ಇವರ ಕೈಯಿಂದ ಹೋದ ಸೆಟ್ಟು ಅದೇ ರೋಗಕ್ಕೆ ಮತ್ತೆ ಬಂದದ್ದಿಲ್ಲ. ನನ್ನನ್ನು ಕೇಳಿದರೆ, ಆ ಅಂಗಡಿಯಲ್ಲಿ ನಿಜವಾಗಿ ಹೊಸದು ಅಂತ ಇದ್ದದ್ದು ಅದೊಂದೇ. ಆದರೆ ಹೊರಗೆ ಕಾಣಿಸುವುದಿಲ್ಲವಲ್ಲ!

ಜನಕ್ಕೆ ಕಾಣಿಸಬೇಕು. ದಸರೆ ಬಂತೆಂದರೆ ಸಾಕು, "ಈ ವರ್ಷ ಹೊಸದೇನು ಬಂದಿದೆ?" ಎಂದು ನುಗ್ಗುತ್ತಿದ್ದರು. ಕಂಪನಿಯವರು ವರ್ಷವರ್ಷ ಕೂತು ಈ ಜನಕ್ಕೊಂದು ಪವಾಡ ಮಾಡಿಕೊಡಬೇಕಂತೆ! ಹೋದ ವರ್ಷದ ಸೆಟ್ಟಿಗೇ ಬೇರೆ ಬಣ್ಣ ಹೊಡೆದು ಕಳಿಸಿದರೆ ಕಣ್ಣಿಗೊತ್ತಿಕೊಂಡು ಹೊತ್ತೊಯ್ಯುವುದು, ಎರಡು ತಿಂಗಳಿಗೆ "ಅಷ್ಟೇನಾ?" ಎಂದು ಮೂಗು ಮುರಿಯುವುದು.

ತೊಂಬತ್ತೆರಡರ ದಸರೆಗೆ ಮುಂಚೆ ಎಂವಿಪಿ ಕಾಲೋನಿಯ ಸೂರ್ಯಕಾಂತಮ್ಮ ತನ್ನ ಐದು ವರ್ಷದ ಕಲರ್ ಟಿ.ವಿ.ಯನ್ನು ಆಟೋದಲ್ಲಿ ಹೇರಿಕೊಂಡು ಬಂದಳು. ಊಟದ ಕ್ಯಾರಿಯರ್ ಕೊಡಲು ಹೋದ ನಾನು ಅಲ್ಲೇ ಇದ್ದೆ.

"ಏಮಯ್ಯಾ ಅಣ್ಣಪ್ಪಾ, ಅದೇನು ಬಳಿದೆಯೋ, ಈ ದರಿದ್ರದ್ದು ಕೆಡೋದೇ ಇಲ್ಲ! ಪಕ್ಕದ ಮನೆಗೆ ರಿಮೋಟಿನದ್ದು ಬಂತು. ನಮ್ಮ ಯಜಮಾನರು ಈಗ ಬರ್ತಾರೆ. ಇದು ಮುಗೀತು, ರಿಪೇರಿ ಆಗಲ್ಲ ಅಂತ ಹೇಳಿಬಿಡು," ಎಂದು ತೆಲುಗಿನಲ್ಲಿ ಜಬರಿಸಿದಳು.

ಕಾಮೇಶ್ವರ ಇವರನ್ನು ಪಕ್ಕಕ್ಕೆ ಕರೆದ. "ಒಳಗೊಂದು ತಂತಿ ಕಿತ್ತುಹಾಕು. ಕೀಳಲ್ಲ ಅಂದರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

ಇವರು ನನ್ನ ಮುಖ ನೋಡಿದರು. ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು, ಬೇರೆ ಆದಾಯವಿಲ್ಲ. "ಹೇಳಿಬಿಡ್ರೀ, ನಿಮ್ಮ ಗಂಟೇನು ಹೋಗ್ತದೆ?" ಎಂದೆ. ಹೌದು, ನಾನೇ ಅಂದೆ.

"ಚೆನ್ನಾಗಿರೋದನ್ನ ಕೆಟ್ಟೈತಿ ಅಂತ ಹೆಂಗ್ ಹೇಳ್ಲಿ ಅನಸೂಯಾ?" ಎಂದರು.

ಅಷ್ಟರಲ್ಲಿ ಆಕೆಯ ಗಂಡ ರಾಮಮೋಹನ್ ಬ್ಯಾಂಕಿನಿಂದ ನೇರವಾಗಿ ಬಂದರು. ಇವರು ಟಿ.ವಿ. ಹಾಕಿದರು. ಚಿತ್ರ ನಿಚ್ಚಳವಾಗಿ ಮೂಡಿತು. "ಏನೂ ಆಗಿಲ್ಲ ಸಾರ್. ಇನ್ನೂ ಹತ್ತು ವರ್ಷ ನಡೆಯುತ್ತೆ," ಎಂದು ಧೈರ್ಯವಾಗಿ ಹೇಳಿದರು. ಸೂರ್ಯಕಾಂತಮ್ಮನ ಮುಖ ಕೆಂಪಾಯಿತು. ಸದ್ಯ, ಒಬ್ಬ ತಿಳಿದವನಿಗಾದರೂ ಸತ್ಯ ಗೊತ್ತಾಯಿತಲ್ಲ ಎಂದು ನನಗೇ ಒಂದು ಗಳಿಗೆ ಹೆಮ್ಮೆಯಾಯಿತು.

ರಾಮಮೋಹನ್ ಮುಖ ಸಣ್ಣಗಾಯಿತು. "ಹತ್ತು ವರ್ಷಾನಾ? ಇನ್ನೂ ಹತ್ತು ವರ್ಷ ಇದನ್ನೇ ನೋಡ್ತಾ ಕೂತಿರಬೇಕಾ?" ಎಂದವರು ಕಾಮೇಶ್ವರನ ಕಡೆ ತಿರುಗಿದರು. "ಆ ರಿಮೋಟಿನದ್ದು ತೋರಿಸಿ."

ಗಂಡ ಹೆಂಡತಿ ಹೊಸದನ್ನು ಅದೇ ಆಟೋದಲ್ಲಿ ಒಯ್ದರು. ಹಳೆಯದು ಮೇಜಿನ ಮೇಲೆ ಇನ್ನೂ ಓಡುತ್ತಲೇ ಇತ್ತು. ಮಾರಾಟವಾದ ಮೇಲೂ ಕಾಮೇಶ್ವರ ತನ್ನ ಮಾತಿಗೆ ತಪ್ಪಲಿಲ್ಲ, ಇವರನ್ನು ಕೆಲಸದಿಂದ ಬಿಡಿಸಿದ. ಕಡೆಗೆ ನೋಡಿದರೆ ಆ ಸುಳ್ಳು ಅಲ್ಲಿ ಯಾರಿಗೂ ಬೇಕೇ ಇರಲಿಲ್ಲ. ಹೇಳದ ತಪ್ಪಿಗೆ ನಮ್ಮ ಅನ್ನ ಮಾತ್ರ ಹೋಯಿತು.