ಮೂವತ್ತಾರು ಕಿಟಕಿಗಳ ಮುಖ

ಸಿನಿಮಾ ಬ್ಯಾನರ್ ಬರೆಯುವವರ ಹಣೆಬರಹವೇ ವಿಚಿತ್ರ. ಮೊದಲು ಚೌಕ ಹಾಕಬೇಕು, ಒಂದೊಂದಾಗಿ ತುಂಬಬೇಕು. ಹಗ್ಗ ಕಟ್ಟಿ ಮೇಲೆತ್ತಿದಾಗಲೇ ಬರೆದದ್ದು ನಾಯಕನೋ ನರಿಯೋ ಎಂದು ತಿಳಿಯುವುದು. ನಲವತ್ತು ವರ್ಷ ಇದನ್ನೇ ಮಾಡಿದವನನ್ನು ಓಣಿಯವರು ಚೌಕದ ಮಾವ ಎನ್ನುತ್ತಿದ್ದರು. ಬ್ಯಾನರುಗಳ ಕಾಲ ಮುಗಿದ ಮೇಲೆ ಪಾಪ, ಕೈಕಟ್ಟಿ ಕೂತಿದ್ದ.

ಆ ವರ್ಷ ರೋಗದ ಭಯಕ್ಕೆ ನಾಲ್ವರಿಗಿಂತ ಹೆಚ್ಚು ಜನ ಸೇರುವಂತಿರಲಿಲ್ಲ. ಅದೇ ಹೊತ್ತಿಗೆ ಓಣಿಯ ಹೆರಿಗೆ ಆಸ್ಪತ್ರೆ ಮುಚ್ಚಲು ಆದೇಶ ಬಂತು. ಗುರುವಾರ ಅಧಿಕಾರಿ ಬೀಗ ತರುತ್ತಾರಂತೆ. ಮಾವನ ಮಗಳಿಗೋ ಎಂಟು ತಿಂಗಳು. ಇನ್ನೊಂದು ಆಸ್ಪತ್ರೆ ನದಿಯಾಚೆ, ಬಸ್ಸುಗಳು ನಿಂತಿವೆ. ಹೊಟ್ಟೆಯೊಳಗಿನ ಕೂಸು ಆದೇಶ ಓದುತ್ತದೆಯೇ?

"ಜನ ಸೇರಬಾರ್ದು ಅಂದ್ರು. ಬೆಡ್‌ಶೀಟ್ ಸೇರಬಾರ್ದು ಅಂದಿಲ್ವಲ್ಲ," ಎಂದ ಮಾವ ಮಗಳಿಗೆ.

ಅವರ ಕಟ್ಟಡ ಆಸ್ಪತ್ರೆಯ ಎದುರಿಗೇ. ಆರು ಮಹಡಿ, ಮಹಡಿಗೆ ಆರು ಕಿಟಕಿ. ಓಣಿಯ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡವಳು ಅಲ್ಲಿನ ನರ್ಸ್ ದೊಡ್ಡಕ್ಕ. ಅವಳ ಮುಖವನ್ನು ಮೂವತ್ತಾರು ಚೌಕ ಮಾಡಿ, ಮನೆಮನೆಯ ಬೆಡ್‌ಶೀಟಿನ ಮೇಲೆ ಇದ್ದಿಲಿನಿಂದ ಗೆರೆ ಎಳೆದು, ಬಣ್ಣದ ಡಬ್ಬಿ ಮತ್ತು 'ಗುರುವಾರ ಹತ್ತಕ್ಕೆ ಕಿಟಕಿಯಿಂದ ಇಳಿಬಿಡಿ' ಎಂಬ ಚೀಟಿಯೊಂದಿಗೆ ಬಾಗಿಲುಗಳ ಮುಂದೆ ಇಟ್ಟು ಬಂದ. ಆಮೇಲಿನ ಮಧ್ಯಾಹ್ನಗಳು ಕನಸಿನಲ್ಲಿ ನಡೆದಂತೆ ನಡೆದವು. ಮೆಟ್ಟಿಲ ತುಂಬ ಬಣ್ಣದ ವಾಸನೆ, ಮುಚ್ಚಿದ ಬಾಗಿಲುಗಳ ಹಿಂದೆ ಮೆಲುದನಿಯ ಗುನುಗು.

"ಮಾವ, ನಮ್ಮನೆಗೆ ಬಂದಿರೋದು ಮೂಗಾ, ಗಲ್ಲನಾ?"

"ಯಾವ್ದಾದ್ರೇನಮ್ಮ, ಬಳಿ. ಹನಿಗೂಡಿದ್ರೆ ಹಳ್ಳ."

ಕಣ್ಣೆರಡೂ ಹೋದದ್ದು ನಾಲ್ಕನೇ ಮಹಡಿಯ ಟೈಲರಮ್ಮನ ಮನೆಗೆ. ಇಟ್ಟು ಬಂದ ಮೇಲೆ ಮಾವನಿಗೆ ನೆನಪಾಯಿತು: ಎರಡು ವರ್ಷದ ಹಿಂದೆ ಅವಳ ಕೂಸು ಅದೇ ಆಸ್ಪತ್ರೆಯಲ್ಲಿ ಹುಟ್ಟಿ, ಒಂದೇ ಗಂಟೆ ಬದುಕಿತ್ತು. ಛೆ, ಬುದ್ಧಿಗೆ ಮಂಕು ಕವಿದಿತ್ತೇ ಎಂದು ತನ್ನನ್ನೇ ಬೈದುಕೊಂಡ. ವಾಪಸ್ ಕೇಳೋಣವೆಂದರೆ ಕಾಲು ಏಳಲಿಲ್ಲ. ಅವಳ ಬಾಗಿಲು ಗುರುವಾರದವರೆಗೂ ತೆರೆಯಲಿಲ್ಲ.

ಗುರುವಾರ ಹತ್ತಕ್ಕೆ ಅಧಿಕಾರಿ ಗೇಟಿನ ಮುಂದೆ ಇಳಿದರು. ಎದುರಿನ ಕಿಟಕಿಗಳಿಂದ ಬೆಡ್‌ಶೀಟುಗಳು ಇಳಿದವು: ಗದ್ದ, ತುಟಿ, ಹಣೆ. ಮೂವತ್ತನಾಲ್ಕು. ಕಣ್ಣಿರಬೇಕಾದಲ್ಲಿ ಎರಡು ಖಾಲಿ ಕಿಟಕಿ. ಅಧಿಕಾರಿ ಒಮ್ಮೆ ನೋಡಿ ಬೀಗ ಹೊರತೆಗೆದರು. ಗೇಟಿನ ಪಕ್ಕ ನಿಂತಿದ್ದ ಮಾವ ನಾಲ್ಕನೇ ಮಹಡಿಯತ್ತ ಕತ್ತೆತ್ತಿದ.

ಆಗ ಆ ಎರಡು ಕಿಟಕಿಗಳು ತೆರೆದುಕೊಂಡವು.

ಮಾವ ಬರೆದದ್ದು ನೆಟ್ಟಗೆ ನೋಡುವ ಕಣ್ಣು, ಬ್ಯಾನರಿನ ನಾಯಕರದ್ದು. ಇಳಿದದ್ದು ಕೆಳಗೆ ಬಾಗಿ ನೋಡುವ ಕಣ್ಣು. ಗಾಳಿಗೆ ಅಷ್ಟೂ ಬಟ್ಟೆ ಉಬ್ಬಿ ಇಳಿದಾಗ ಆ ಮುಖ ಉಸಿರಾಡಿತು, ಗೇಟಿನಲ್ಲಿ ನಿಂತವರನ್ನೇ ನೋಡಿತು.

"ನಿಮ್ಮ ಗೆರೆ ನಾನೇ ಅಳಿಸ್ದೆ ಮಾವ," ಎಂದಳು ಟೈಲರಮ್ಮ ಮೇಲಿನಿಂದ. "ದೊಡ್ಡಕ್ಕ ನನ್ನ ಕೂಸನ್ನ ಒಂದು ಗಂಟೆ ಕೆಳಗಿಡ್ಲಿಲ್ಲ. ಹೀಗೇ ನೋಡ್ತಾ ಕೂತಿದ್ರು."

ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಧಿಕಾರಿ ತುಂಬ ಹೊತ್ತು ಮೇಲೆ ನೋಡಿದರು. ಬೀಗವನ್ನು ಚೀಲಕ್ಕೆ ಹಾಕಿ, "ಇಲ್ಲಿ ಹೆರಿಗೆ ಯಾರ್ದಿದೆ ಈಗ?" ಎಂದರು.

"ನನ್ನ ಮಗಳದು ಸಾರ್. ಮುಂದಿನ ತಿಂಗಳು," ಎಂದ ಮಾವ.

ಮೊಮ್ಮಗಳು ಅಲ್ಲೇ ಹುಟ್ಟಿದಳು. ಅವಳಿಗೆ ಮೊದಲ ಅಂಗಿ ಹೊಲಿದುಕೊಟ್ಟವಳು ಟೈಲರಮ್ಮ, ಆ ಕಣ್ಣಿನ ಬೆಡ್‌ಶೀಟಿನಲ್ಲಿ ಬಣ್ಣ ತಾಗದೆ ಉಳಿದಿದ್ದ ಅಂಚನ್ನು ಕತ್ತರಿಸಿ.